ಬಳ್ಳಾರಿ ಕೋಟೆ: ಗುಡ್ಡವನ್ನು ಉಳಿಸಿದ ಗೋಡೆ

ಬಳ್ಳಾರಿ: ಬಿಸಿಲ ನಾಡು, ಗಣಿನಾಡು ಎಂಬ ಎರಡು ಹೆಸರುಗಳಿಂದಲೇ ಹೊರಗಿನವರಿಗೆ ಪರಿಚಿತವಾದ ಬಳ್ಳಾರಿಗೆ ಮೂರನೆಯ ಗುರುತೊಂದಿದೆ. ರೈಲಿನಲ್ಲಿ ಬಂದರೂ ಬಸ್ಸಿನಲ್ಲಿ ಬಂದರೂ ನಗರಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಬಯಲಿನ ನಡುವೆ ಎದ್ದು ನಿಂತ ಎರಡು ಕಲ್ಲುಗುಡ್ಡಗಳು. ಒಂದು ಬಳ್ಳಾರಿ ಗುಡ್ಡ, ಮತ್ತೊಂದು ಕುಂಬಾರ ಗುಡ್ಡ. ಮೊದಲನೆಯದರ ನೆತ್ತಿಯನ್ನು ಬಳಸಿ, ಬುಡದವರೆಗೂ ಇಳಿದು ಬಂದಿರುವುದೇ ಬಳ್ಳಾರಿ ಕೋಟೆ.

ರಾಜ್ಯದಲ್ಲಿ ಕೋಟೆಗಳಿಗೆ ಕೊರತೆಯಿಲ್ಲ. ಆದರೆ ಬೆಳೆಯುತ್ತಿರುವ ನಗರವೊಂದರ ನಟ್ಟನಡುವೆ, ಜನರ ನಿತ್ಯದ ಓಡಾಟದ ನಡುವೆಯೇ ಉಳಿದುಕೊಂಡ ಕೋಟೆಗಳು ಕೆಲವೇ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಬೆಂಗಳೂರಿನ ಮಣ್ಣಿನ ಕೋಟೆ ಇಂದು ಇಲ್ಲ. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಮುತ್ತಿದ ಅಲ್ಲಿನ ಕಲ್ಲುಕೋಟೆಯಲ್ಲೂ ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿಯ ದೆಹಲಿ ಬಾಗಿಲು ಮತ್ತು ಅದರ ಆಸುಪಾಸಿನ ಗೋಡೆ ಮಾತ್ರ ಉಳಿದಿವೆ. ಕಲಬುರಗಿ ಕೋಟೆಯೊಳಗಿನ ಮನೆಗಳ ತೆರವಿನ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದೆ. ಈ ಹಿನ್ನೆಲೆಯಲ್ಲಿ ಬಳ್ಳಾರಿ ಕೋಟೆಯ ಭೇಟಿ ಕೇವಲ ಪ್ರವಾಸವಲ್ಲ. ನಗರ ಮತ್ತು ಕೋಟೆ ಒಟ್ಟಿಗೆ ಬಾಳಬಲ್ಲವೇ ಎಂಬ ಪ್ರಶ್ನೆಗೆ ಇಲ್ಲಿ ಒಂದು ಉತ್ತರ ದೊರೆಯುತ್ತದೆ.

ಒಂದು ಕೋಟೆ, ಎರಡು ಕಾಲ

ಬಳ್ಳಾರಿ ಕೋಟೆಯಲ್ಲಿ ಎರಡು ಭಾಗಗಳಿವೆ. ಗುಡ್ಡದ ತುದಿಯಲ್ಲಿರುವುದು ಮೇಲಿನ ಕೋಟೆ. ವಿಜಯನಗರದ ಸಾಮಂತನಾಗಿದ್ದ ಹನುಮಪ್ಪ ನಾಯಕ ಇದನ್ನು ಕಟ್ಟಿಸಿದನೆಂಬುದು ಪ್ರಚಲಿತ ಇತಿಹಾಸ. 1565ರಲ್ಲಿ ವಿಜಯನಗರ ಪತನಗೊಂಡ ಬಳಿಕ ಇಲ್ಲಿನ ಹಂಡೆ ಪಾಳೆಯಗಾರರು ವಿಜಾಪುರದ ಸುಲ್ತಾನರಿಗೆ ಕಪ್ಪ ಕೊಡುವವರಾದರು. 1678ರಲ್ಲಿ ಈ ದಾರಿಯಾಗಿ ಹೋಗುತ್ತಿದ್ದ ಶಿವಾಜಿಯ ದಂಡಿನ ಕೆಲವರನ್ನು ಕೋಟೆಯವರು ಕೊಂದರೆಂಬ ಕಾರಣಕ್ಕೆ ಶಿವಾಜಿ ಕೋಟೆಯನ್ನು ವಶಪಡಿಸಿಕೊಂಡು, ಕಪ್ಪದ ಷರತ್ತಿನ ಮೇಲೆ ಪಾಳೆಯಗಾರನಿಗೇ ಹಿಂದಿರುಗಿಸಿದನೆಂದು ಬ್ರಿಟಿಷರ ಕಾಲದ ಜಿಲ್ಲಾ ಗ್ಯಾಸೆಟಿಯರ್ ದಾಖಲಿಸಿದೆ.

ಗುಡ್ಡದ ಪೂರ್ವ ಬುಡದಲ್ಲಿ ಹರಡಿಕೊಂಡಿರುವುದು ಕೆಳಗಿನ ಕೋಟೆ. ಇದು ಹೈದರಾಲಿಯ ಕಾಲದ್ದು. 1770ರ ದಶಕದಲ್ಲಿ ಬಳ್ಳಾರಿಯ ಪಾಳೆಯಗಾರ ದೊಡ್ಡಪ್ಪ ನಾಯಕ ಆದವಾನಿಯ ಬಸಾಲತ್ ಜಂಗನಿಗೆ ಅಧೀನನಾಗಿದ್ದ. ಕಪ್ಪ ಕೊಡಲು ನಿರಾಕರಿಸಿದ ಅವನ ಮೇಲೆ ಬಸಾಲತ್ ಜಂಗ್ ಫ್ರೆಂಚ್ ಸೇನಾನಿ ಲ್ಯಾಲಿಯೊಡನೆ ದಂಡೆತ್ತಿದ. ಪಾಳೆಯಗಾರ ಹೈದರನ ನೆರವು ಬೇಡಿದ. ಶ್ರೀರಂಗಪಟ್ಟಣದಿಂದ ಧಾವಿಸಿ ಬಂದ ಹೈದರ್ ಮುತ್ತಿಗೆ ಹಾಕಿದವರನ್ನು ಚದುರಿಸಿದ. ಆದರೆ ಕೋಟೆಯನ್ನು ಪಾಳೆಯಗಾರನಿಗೆ ಬಿಡದೆ ತಾನೇ ಇಟ್ಟುಕೊಂಡ. ನೆರವಿಗೆ ಕರೆದವನೇ ಒಡೆಯನಾದ ಈ ಪ್ರಸಂಗದ ನಂತರವೇ ಕೆಳಗಿನ ಕೋಟೆಯ ಗೋಡೆಗಳು ಎದ್ದವು.

ಎರಡೂ ಭಾಗಗಳನ್ನು ಹೋಲಿಸಿ ನೋಡುವುದು ಪ್ರಯೋಜನಕರ. ಮೇಲಿನ ಕೋಟೆ ಚೌಕಾಕಾರದ್ದು. ಅದಕ್ಕೆ ಇರುವುದು ಒಂದೇ ದಾರಿ. ದೊಡ್ಡ ಸೈನ್ಯ ಅಲ್ಲಿ ನೆಲೆಸುವಂತಿಲ್ಲ, ಅಂಥ ವಸತಿಯೂ ಇಲ್ಲ. ಆಪತ್ತಿನಲ್ಲಿ ಮೇಲೇರಿ ಬಾಗಿಲು ಮುಚ್ಚಿಕೊಳ್ಳುವ ಕೊನೆಯ ಆಸರೆ ಅದು. ಅದರ ಬಲವಿರುವುದು ಕಡಿದಾದ ಬಂಡೆಯಲ್ಲಿ. ಕೆಳಗಿನ ಕೋಟೆಯಾದರೋ ಸುಮಾರು ಅರ್ಧ ಮೈಲಿ ಅಗಲದ ನೆಲವನ್ನು ಬಳಸಿ ನಿಂತಿದೆ. ಸುತ್ತ ಗೋಡೆ, ಗೋಡೆಗೆ ಸಾಲು ಕೊತ್ತಲಗಳು, ಗೋಡೆಯ ಮುಂದೆ ಆಳವಾದ ಕಂದಕ. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಬಾಗಿಲು. ಸೈನಿಕರ ವಸತಿ, ಮದ್ದುಗುಂಡಿನ ಉಗ್ರಾಣ ಇಲ್ಲಿದ್ದವು. ಬಿಲ್ಲು, ಈಟಿಗಳ ಕಾಲದ ಕೋಟೆ ಎತ್ತರವನ್ನು ನಂಬಿದರೆ, ಫಿರಂಗಿಯ ಕಾಲದ ಕೋಟೆ ಕಂದಕ ಮತ್ತು ಕೊತ್ತಲವನ್ನು ನಂಬಿದೆ. ಎರಡು ಯುಗಗಳ ಯುದ್ಧವಿದ್ಯೆ ಒಂದೇ ಗುಡ್ಡದಲ್ಲಿ ಮೇಲೆ ಕೆಳಗೆ ಕುಳಿತಿವೆ.

ಗಲ್ಲಿಗೇರಿದ ಎಂಜಿನಿಯರ್‌ನ ಕಥೆ

ಬಳ್ಳಾರಿಯಲ್ಲಿ ಕೋಟೆಯ ಮಾತು ಬಂದರೆ ಈ ಕಥೆ ಬಾರದೆ ಇರುವುದಿಲ್ಲ. ಹೈದರಾಲಿ ಕೆಳಗಿನ ಕೋಟೆಯನ್ನು ಕಟ್ಟಿಸಲು, ಮೇಲಿನ ಕೋಟೆಯನ್ನು ಬಲಪಡಿಸಲು ಫ್ರೆಂಚ್ ಎಂಜಿನಿಯರ್ ಒಬ್ಬನನ್ನು ನೇಮಿಸಿದ್ದನಂತೆ. ಕೆಲಸವೆಲ್ಲ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಕೋಟೆಗುಡ್ಡಕ್ಕಿಂತ ಎತ್ತರವಿರುವುದು ಹೈದರನ ಗಮನಕ್ಕೆ ಬಂತಂತೆ. ಶತ್ರು ಅಲ್ಲಿ ಫಿರಂಗಿ ಏರಿಸಿದರೆ ಕೋಟೆಯ ಗತಿಯೇನು? ಇಷ್ಟನ್ನೂ ಕಾಣದ ಎಂಜಿನಿಯರನ್ನು ಹೈದರ್ ಕೋಟೆಯ ಬಾಗಿಲಲ್ಲೇ ಗಲ್ಲಿಗೇರಿಸಿದನಂತೆ. ಪೂರ್ವ ಬಾಗಿಲ ಬಳಿಯ ಗೋರಿ ಅವನದೇ ಎಂದು ಹಲವರು ನಂಬುತ್ತಾರೆ. ಅದು ಮುಸ್ಲಿಂ ಸಂತರೊಬ್ಬರ ಗೋರಿ ಎಂದು ಹೇಳುವವರೂ ಇದ್ದಾರೆ.

ಜನಪ್ರಿಯ ಕಥೆ ಈ ಎಂಜಿನಿಯರ್‌ಗೆ ಹೆಸರನ್ನು ಕೊಟ್ಟಿಲ್ಲ. ಗಲ್ಲಿನ ಸಂಗತಿಯನ್ನು ಐತಿಹ್ಯವೆಂದೇ ತಿಳಿಯುವುದು ಕ್ಷೇಮ. ಆದರೆ ಅದರೊಳಗಿನ ಯುದ್ಧನೀತಿ ಐತಿಹ್ಯವಲ್ಲ. ಮೇಲಿನ ಕೋಟೆ ಎದ್ದ ಕಾಲದಲ್ಲಿ ಪಕ್ಕದ ಗುಡ್ಡದಿಂದ ಅಪಾಯ ಕಡಿಮೆ ಇತ್ತು. ದೂರ ಹಾರುವ ಫಿರಂಗಿ ಬಂದ ಮೇಲೆ ನೆರೆಯ ಎತ್ತರವೇ ವೈರಿಯಾಯಿತು. ಕೋಟೆ ನೋಡುವವರು ಕುಂಬಾರ ಗುಡ್ಡವನ್ನೂ ನೋಡಬೇಕಾದದ್ದು ಇದಕ್ಕೇ. ಒಂದು ಬದಿಯಿಂದ ಮನುಷ್ಯನ ಮುಖದಂತೆ ಕಾಣುವುದರಿಂದ ಬ್ರಿಟಿಷರು ಅದನ್ನು ಮುಖದ ಗುಡ್ಡವೆಂದೇ ಕರೆದರು.

ದಂಡಿನ ನೆಲೆಯಿಂದ ಬಡಾವಣೆಗೆ

1792ರ ಶ್ರೀರಂಗಪಟ್ಟಣ ಒಪ್ಪಂದದ ನಂತರ ಬಳ್ಳಾರಿ ನಿಜಾಮನ ಪಾಲಾಯಿತು. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಬಿಟ್ಟುಕೊಟ್ಟ ಜಿಲ್ಲೆಗಳ ಪ್ರಧಾನ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. 1808ರಲ್ಲಿ ಸೀಮೆಯನ್ನು ಒಡೆದು ಬಳ್ಳಾರಿ ಜಿಲ್ಲೆಯನ್ನು ರಚಿಸಲಾಯಿತು. ಮದ್ರಾಸ್ ಪ್ರಾಂತ್ಯದ ಮುಖ್ಯ ದಂಡುಪ್ರದೇಶಗಳಲ್ಲಿ ಬಳ್ಳಾರಿಯೂ ಒಂದಾಯಿತು.

ಆಗ ಕೋಟೆ ಯುದ್ಧದ ಕೆಲಸ ಕಳೆದುಕೊಂಡು ಬೇರೆ ಕೆಲಸಗಳಿಗೆ ಬಳಕೆಯಾಯಿತು. ಕೆಳಗಿನ ಕೋಟೆಯೊಳಗೆ ಸೇನೆಯ ಸರಬರಾಜು ಉಗ್ರಾಣ, ಚರ್ಚ್, ಅನಾಥಾಲಯ, ಅಂಚೆ ಕಚೇರಿ, ಖಾಸಗಿ ಮನೆಗಳು ಬಂದವು. ಮೇಲಿನ ಕೋಟೆ ಸೆರೆಮನೆಯಾಯಿತು. ಪತ್ನಿಯನ್ನು ಕೊಂದ ಅಪರಾಧಕ್ಕಾಗಿ ಕರ್ನೂಲು ನವಾಬರ ಮನೆತನದ ಮುಜಫರ್ ಖಾನ್ ಹಲವು ವರ್ಷ ಇಲ್ಲಿ ಬಂಧಿಯಾಗಿದ್ದ. ಕಡಿದಾದ ಒಂಟಿದಾರಿ ಒಳಬರುವ ವೈರಿಯನ್ನು ತಡೆಯುವಷ್ಟೇ ಚೆನ್ನಾಗಿ ಹೊರಹೋಗುವ ಕೈದಿಯನ್ನೂ ತಡೆಯುತ್ತಿತ್ತು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಕೆಳಗಿನ ಕೋಟೆ ಇಂದಿಗೂ ಖಾಲಿ ಬಿದ್ದ ಸ್ಮಾರಕವಲ್ಲ. ಕಚೇರಿಗಳು, ಶಾಲೆಗಳು, ಚರ್ಚ್‌ಗಳು ಅದರೊಳಗಿವೆ. ಪೂರ್ವ ಬಾಗಿಲ ಹೊರಗಿನ ಕೋಟೆ ಆಂಜನೇಯನಿಗೂ ಕೋಟೆ ಮಲ್ಲೇಶ್ವರನಿಗೂ ಭಕ್ತರು ನಡೆದುಕೊಳ್ಳುತ್ತಾರೆ. ದಾರಿಹೋಕ ವ್ಯಾಪಾರಿಗಳು ಪೂಜೆಗೆ ಲಿಂಗ ಸಿಗದೆ ಧಾನ್ಯ ಅಳೆಯುವ ಬಳ್ಳವನ್ನೇ ಬೋರಲು ಹಾಕಿ ಪೂಜಿಸಿದರು, ಆ ಬಳ್ಳೇಶ್ವರನಿಂದಲೇ ಊರಿಗೆ ಬಳ್ಳಾರಿ ಎಂಬ ಹೆಸರು ಬಂತು ಎಂಬುದು ಈ ಮಲ್ಲೇಶ್ವರನ ಸುತ್ತ ಬೆಳೆದ ಪ್ರತೀತಿ.

ಜೀರ್ಣೋದ್ಧಾರ ಎಂದರೇನು?

ಬಳ್ಳಾರಿ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ದುರಸ್ತಿಯಾದ ಕೋಟೆ ಎಂದೊಡನೆ ಹೊಸದರಂತೆ ಹೊಳೆಯುವ ಕಟ್ಟಡವನ್ನು ನಿರೀಕ್ಷಿಸುವವರು ಇಲ್ಲಿ ನಿರಾಶರಾಗಬಹುದು. ಇಲಾಖೆಯ ನೀತಿಯೇ ಬೇರೆ. 1923ರಲ್ಲಿ ಜಾನ್ ಮಾರ್ಷಲ್ ಪ್ರಕಟಿಸಿದ ಸಂರಕ್ಷಣಾ ಕೈಪಿಡಿಯಿಂದ ಹಿಡಿದು ಇಲಾಖೆ 2014ರಲ್ಲಿ ಹೊರತಂದ ರಾಷ್ಟ್ರೀಯ ಸಂರಕ್ಷಣಾ ನೀತಿಯವರೆಗೆ ಮೂಲ ತತ್ವ ಒಂದೇ: ಇರುವುದನ್ನು ಬೀಳದಂತೆ ಹಿಡಿದು ನಿಲ್ಲಿಸಬೇಕು, ಇಲ್ಲದುದನ್ನು ಊಹಿಸಿ ಕಟ್ಟಬಾರದು.

ಇದು ಎಲ್ಲ ದೇಶಗಳೂ ಒಮ್ಮೆಲೇ ಒಪ್ಪಿದ ಮಾತಲ್ಲ. ಫ್ರಾನ್ಸಿನ ಕಾರ್ಕಸೋನ್ ಕೋಟೆಯನ್ನು 19ನೇ ಶತಮಾನದಲ್ಲಿ ವಾಸ್ತುಶಿಲ್ಪಿ ವಿಯೋಲೆ-ಲ-ದ್ಯುಕ್ ಪುನರುದ್ಧಾರ ಮಾಡಿದಾಗ ಗೋಪುರಗಳಿಗೆ ಹೊದಿಸಿದ ಚೂಪು ಛಾವಣಿಗಳು ಆ ಸೀಮೆಯವಲ್ಲವೆಂದು ಟೀಕೆ ಎದ್ದಿತ್ತು. ಕೋಟೆ ಸುಂದರವಾಯಿತು, ಪ್ರವಾಸಿಗರು ಬಂದರು. ಆದರೆ ಕಾಣುತ್ತಿರುವುದು ಮಧ್ಯಯುಗವೋ 19ನೇ ಶತಮಾನದ ಕಲ್ಪನೆಯೋ ಎಂಬ ವಾದ ನಿಲ್ಲಲಿಲ್ಲ. ಬಳ್ಳಾರಿಯಲ್ಲಿ ಗೋಡೆಯ ಒಡಕು ಮತ್ತು ಕುಸಿದ ಭಾಗ ಕಂಡರೆ ಅದನ್ನು ಅಲಕ್ಷ್ಯವೆಂದೇ ತಿಳಿಯಬೇಕಿಲ್ಲ. ದುರಸ್ತಿಯ ಗುಣಮಟ್ಟವನ್ನು ಅಳೆಯಲು ನೋಡಬೇಕಾದದ್ದು ಬೇರೆ: ಹಳೆಯ ಗಾರೆಯ ಜಾಗದಲ್ಲಿ ಸುಣ್ಣದ ಗಾರೆಯೇ ಇದೆಯೇ, ಸಿಮೆಂಟ್ ಬಂದಿದೆಯೇ? ಮಳೆನೀರು ಹರಿದು ಹೋಗುವ ದಾರಿ ಮುಚ್ಚಿಲ್ಲವೇ? ಕಲ್ಲಿನ ಸಂದಿಯಲ್ಲಿ ಬೇರುಬಿಟ್ಟ ಅರಳಿ, ಆಲದ ಸಸಿಗಳನ್ನು ಕಿತ್ತಿದ್ದಾರೆಯೇ? ಕೋಟೆಗಳನ್ನು ಕೆಡಹುವುದರಲ್ಲಿ ಫಿರಂಗಿಗಿಂತ ಈ ಬೇರುಗಳ ಪಾಲು ಕಡಿಮೆಯಲ್ಲ.

ರಕ್ಷಣೆಗೆ ಬೆಲೆಯೂ ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ರಾಷ್ಟ್ರೀಯ ಮಹತ್ವದ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಮೊದಲನೆಯದರಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ದುರಸ್ತಿಗೂ ಅನುಮತಿ ಬೇಕು. ಎರಡನೆಯದರಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಊರಾಚೆಯ ಬೆಟ್ಟದ ಕೋಟೆಗೆ ಇದು ಹೊರೆಯಲ್ಲ. ನಗರದ ನಡುವಿನ ಕೋಟೆಗೆ ಇದು ನೂರಾರು ಮನೆಗಳ ಪ್ರಶ್ನೆ. ಮಗನ ಮದುವೆಗೆ ಮೊದಲು ಮಾಳಿಗೆಯ ಮೇಲೊಂದು ಕೋಣೆ ಕಟ್ಟಬೇಕೆನ್ನುವ ಕುಟುಂಬಕ್ಕೆ ಹನುಮಪ್ಪ ನಾಯಕನ ಗೋಡೆ ಹೆಮ್ಮೆಯೂ ಹೌದು, ಅಡ್ಡಿಯೂ ಹೌದು. ಅನುಮತಿಯ ಪ್ರಕ್ರಿಯೆ ಸರಳವಾಗಿ, ಬೇಗ ಮುಗಿಯುವಂತಿದ್ದಲ್ಲಿ ಮಾತ್ರ ನಿವಾಸಿಗಳು ಸ್ಮಾರಕದ ಕಾವಲುಗಾರರಾಗಿ ಉಳಿಯುತ್ತಾರೆ.

ಗುಡ್ಡಗಳು ಕರಗುವ ಜಿಲ್ಲೆಯಲ್ಲಿ

ಈ ಬೆಲೆ ಏಕೆ ತೆರಬೇಕು ಎಂಬುದಕ್ಕೆ ಬಳ್ಳಾರಿಯಲ್ಲಿ ಬೇರೆಡೆ ಇಲ್ಲದ ಕಾರಣವೊಂದಿದೆ. ಇದು ಗುಡ್ಡಗಳು ಕರಗುವುದನ್ನು ಕಣ್ಣಾರೆ ಕಂಡ ಜಿಲ್ಲೆ. ಅದಿರಿನ ಗಣಿಗಾರಿಕೆ ಮಿತಿಮೀರಿ, 2011ರಲ್ಲಿ ಲೋಕಾಯುಕ್ತ ವರದಿ ಹೊರಬಿದ್ದು, ಅದೇ ವರ್ಷ ಸುಪ್ರೀಂ ಕೋರ್ಟ್ ಜಿಲ್ಲೆಯಲ್ಲಿ ಗಣಿಗಾರಿಕೆಗೆ ತಡೆ ಹಾಕಬೇಕಾಯಿತು. ಕಬ್ಬಿಣದ ಅದಿರಷ್ಟೇ ಅಲ್ಲ, ಕಟ್ಟಡದ ಕಲ್ಲಿಗಾಗಿಯೂ ಗುಡ್ಡಗಳನ್ನು ಒಡೆಯಲಾಗುತ್ತಿದೆ.

ನಗರದ ಸಮೀಪದ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳು ಇದಕ್ಕೆ ಉದಾಹರಣೆ. ದಕ್ಷಿಣ ಭಾರತದ ನವಶಿಲಾಯುಗದ ಅತಿ ಮಹತ್ವದ ನೆಲೆಗಳಲ್ಲಿ ಇವು ಸೇರುತ್ತವೆ. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇವುಗಳತ್ತ ವಿದ್ವಾಂಸರ ಗಮನ ಸೆಳೆದರು. ಮುಂದೆ ಬಿ. ಸುಬ್ಬರಾವ್ ಅವರಿಂದ ಹಿಡಿದು ರವಿ ಕೋರಿಶೆಟ್ಟರ್ ಅವರವರೆಗೆ ಅನೇಕರು ಇಲ್ಲಿ ಉತ್ಖನನ ನಡೆಸಿದ್ದಾರೆ. ಕಲ್ಲುಕೊಡಲಿಗಳನ್ನು ತಯಾರಿಸುತ್ತಿದ್ದ ನೆಲೆ, ಬಂಡೆಯ ಮೇಲೆ ಕುಟ್ಟಿ ಬಿಡಿಸಿದ ದನಗಳ ಚಿತ್ರಗಳು, ಬಡಿದರೆ ಗಂಟೆಯಂತೆ ನಾದ ಹೊಮ್ಮಿಸುವ ಬಂಡೆಗಳು ಇಲ್ಲಿನ ವಿಶೇಷ. ಕಲ್ಲು ಕ್ವಾರಿಗಳಿಂದ ಈ ನೆಲೆಗೆ ಒದಗಿದ ಅಪಾಯವನ್ನು ಸಂಶೋಧಕರು 2000ದ ದಶಕದಿಂದಲೇ ಎಚ್ಚರಿಸುತ್ತ ಬಂದಿದ್ದಾರೆ. ಮೂರು ನಾಲ್ಕು ಸಾವಿರ ವರ್ಷ ಉಳಿದದ್ದನ್ನು ಜಲ್ಲಿ ಯಂತ್ರ ಒಂದು ಬೇಸಿಗೆಯಲ್ಲಿ ಮುಗಿಸಬಲ್ಲದು.

ಬಳ್ಳಾರಿ ಗುಡ್ಡವೂ ಅದೇ ಜಾತಿಯ ಕಲ್ಲು. ಊರ ನಡುವೆಯೇ ಇರುವ, ಸಾಗಣೆ ವೆಚ್ಚವೂ ಬೇಡದ ಕಲ್ಲು. ಅದನ್ನು ಯಾರೂ ಒಡೆಯದಿರಲು ಕಾರಣ ಅದರ ನೆತ್ತಿಯ ಮೇಲಿನ ಗೋಡೆ. ಗುಡ್ಡ ಕೋಟೆಯನ್ನು ಕಾಯುತ್ತದೆ ಎಂದು ನಾಯಕರು ನಂಬಿದ್ದರು. ಇಂದು ಕೋಟೆಯೇ ಗುಡ್ಡವನ್ನು ಕಾಯುತ್ತಿದೆ.

ಕುರುಗೋಡು ಮತ್ತು ಸಿರುಗುಪ್ಪ ದಾರಿಯಲ್ಲಿ

ಈ ಮಾತು ಮನವರಿಕೆಯಾಗಬೇಕಾದರೆ ನಗರದಿಂದ ಹೊರಗೂ ಒಮ್ಮೆ ಹೋಗಿ ಬರಬೇಕು. ಬಳ್ಳಾರಿಯಿಂದ ಸುಮಾರು 27 ಕಿ.ಮೀ. ದೂರದ ಕುರುಗೋಡು, 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿ. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲೂಕುಗಳಲ್ಲಿ ಇದೂ ಒಂದು. ಗುಡ್ಡದ ಬುಡದಲ್ಲಿ ಚಾಲುಕ್ಯ ಶೈಲಿಯ ಹಲವು ದೇಗುಲಗಳು, ಗುಡ್ಡದ ಮೇಲೆ ಕೋಟೆಯ ಅವಶೇಷಗಳು ಇವೆ. ಊರಿನ ದೊಡ್ಡಬಸವೇಶ್ವರ ದೇವಾಲಯದ ಏಕಶಿಲಾ ನಂದಿ ಸುಮಾರು 12 ಅಡಿ ಎತ್ತರದ್ದು. ರಥೋತ್ಸವಕ್ಕೆ ಸುತ್ತಲಿನ ಹಳ್ಳಿಗಳ ಜನ ಸೇರುತ್ತಾರೆ. ಪೂಜೆಯಿರುವ ಗುಡಿ ಬೆಳಗುತ್ತಿದೆ, ಪೂಜೆ ನಿಂತ ಗುಡಿಗಳು ಮತ್ತು ಕೋಟೆಗೋಡೆ ಮೌನವಾಗಿವೆ. ಬಳಕೆಯಲ್ಲಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರ ಇಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ.

ಬಳ್ಳಾರಿಯಿಂದ ಸಿರುಗುಪ್ಪದತ್ತ ಸಾಗುವ ಹೆದ್ದಾರಿಯಲ್ಲಿ ಸಿಗುವುದು ತೆಕ್ಕಲಕೋಟೆ. ಕೋಟೆ ಎಂಬುದು ಊರಿನ ಹೆಸರಿನಲ್ಲೇ ಇದೆ. ಇಲ್ಲಿನ ಗುಡ್ಡದಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಜನವಸತಿ ಬೆಳಕಿಗೆ ಬಂತು. ದೊರೆತ ವಸ್ತುಗಳಲ್ಲಿ ಚಿನ್ನದ ಆಭರಣವೂ ಇತ್ತು. ಹಾಗೆ ನೋಡಿದರೆ ಈ ಸೀಮೆಯಲ್ಲಿ ಪಾಳೆಯಗಾರರಿಗಿಂತ ಬಹಳ ಮೊದಲೇ ಜನ ಗುಡ್ಡವನ್ನು ನಂಬಿ ಬದುಕಿದ್ದರು. ಎತ್ತರದಲ್ಲಿ ರಕ್ಷಣೆ, ಬಂಡೆಯ ಸಂದಿಯಲ್ಲಿ ನೀರು, ಕೆಳಗಿನ ಬಯಲಲ್ಲಿ ದನಗಳಿಗೆ ಮೇವು: ಕೋಟೆ ಕಟ್ಟಿದವರು ಆರಿಸಿಕೊಂಡದ್ದೂ ಇವನ್ನೇ.

ಮುಂದೆ ಸಿರುಗುಪ್ಪ ತಲುಪಿದರೆ ನೆಲದ ಬಣ್ಣವೇ ಬದಲಾಗುತ್ತದೆ. ತುಂಗಭದ್ರೆಯ ದಡದ ಈ ತಾಲೂಕು ಭತ್ತದ ಕಣಜ. ವಿಜಯನಗರ ಕಾಲದ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿವೆ. ನದಿ ದಡದ ಕೆಂಚನಗುಡ್ಡದಲ್ಲಿ ಪಾಳು ಬಿದ್ದ ಅರಮನೆಯೊಂದಿದೆ. ಒಂದೇ ಕಾಲದ ಆಳರಸರು ಗೋಡೆಯನ್ನೂ ಕಟ್ಟಿಸಿದರು, ಕಾಲುವೆಯನ್ನೂ ತೋಡಿಸಿದರು. ಕಾಲುವೆಗೆ ರೈತರಿದ್ದರು, ಅದು ಉಳಿಯಿತು. ಅರಮನೆಗೆ ಯಾರೂ ಇರಲಿಲ್ಲ. ಗೋಡೆಗಳಿಗೂ ರೈತರಂಥ ವಾರಸುದಾರರು ಬೇಕು ಎಂಬುದೇ ಈ ಮೂರು ಊರುಗಳ ಪ್ರವಾಸ ಕಲಿಸುವ ಪಾಠ.

ನೋಡುವ ಬಗೆ

ಕೋಟೆ ಹತ್ತಲು ಬೆಳಗಿನ ಹೊತ್ತೇ ಸೂಕ್ತ. ಬೇಸಿಗೆಯಲ್ಲಿ ಬಳ್ಳಾರಿಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಬಂಡೆ ಕಾದ ಮೇಲೆ ನೆರಳು ಸಿಗುವುದು ಕಷ್ಟ. ನವೆಂಬರ್‌ನಿಂದ ಫೆಬ್ರುವರಿವರೆಗಿನ ತಿಂಗಳುಗಳು ಹಿತಕರ. ಕುಡಿಯುವ ನೀರು, ಟೋಪಿ ಮತ್ತು ಜಾರದ ಚಪ್ಪಲಿ ಅಗತ್ಯ.

ಏರುವಾಗ ಗೋಡೆ ಎಲ್ಲಿ ಮುಗಿದು ಬಂಡೆ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಗಮನಿಸಿ. ಸಹಜ ಬಂಡೆಗಳನ್ನೇ ಗೋಡೆಯ ಭಾಗವಾಗಿ ಬಳಸಿಕೊಂಡಿರುವುದು ಇಲ್ಲಿನ ಜಾಣ್ಮೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ನೆತ್ತಿಯಲ್ಲಿ ಸಣ್ಣ ಗುಡಿ, ಕೋಣೆಗಳ ಅವಶೇಷ ಮತ್ತು ಬಂಡೆಯ ಬಿರುಕಿನಲ್ಲಿ ಮಳೆನೀರು ನಿಲ್ಲುವ ಆಳವಾದ ಹೊಂಡಗಳಿವೆ. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಮುತ್ತಿಗೆಗೆ ಸಿಲುಕಿದವರ ಆಯುಷ್ಯವನ್ನು ನಿರ್ಧರಿಸುತ್ತಿದ್ದುದು ಗೋಡೆಯಲ್ಲ, ಈ ಹೊಂಡಗಳು. ಅವುಗಳಿಗೆ ನೀರಿನ ಬಾಟಲಿ, ತಿಂಡಿಯ ಪೊಟ್ಟಣ ಎಸೆಯದಿರುವುದು ಭೇಟಿ ನೀಡುವವರ ಕನಿಷ್ಠ ಕರ್ತವ್ಯ. ಬಂಡೆಯ ಮೇಲೆ ಹೆಸರು ಕೆತ್ತುವುದು ಕಾನೂನಿನ ಪ್ರಕಾರ ಅಪರಾಧ.

ಮೇಲಿನಿಂದ ಕಾಣುವ ನಗರವೂ ನೋಟದ ಭಾಗವೇ. ಎದುರಿಗೆ ಕುಂಬಾರ ಗುಡ್ಡ, ಕೆಳಗೆ ಕೋಟೆ ಪ್ರದೇಶದ ಮರಗಳು, ಅದರಾಚೆ ಒತ್ತೊತ್ತಾದ ಮಾಳಿಗೆಗಳು, ಪಶ್ಚಿಮಕ್ಕೆ ದೂರದಲ್ಲಿ ಸಂಡೂರಿನ ಬೆಟ್ಟಸಾಲು. ಇಳಿದ ಮೇಲೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಸವಿಯದೆ ಬಳ್ಳಾರಿ ಬಿಡುವವರು ವಿರಳ. ಬಿಡುವಿದ್ದರೆ ನಗರದಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯಕ್ಕೂ ಹೋಗಬಹುದು. ಗುಡ್ಡದ ಮೇಲೆ ಕಂಡದ್ದರ ಹಿಂದಿನ ಅಧ್ಯಾಯಗಳು ಅಲ್ಲಿವೆ.

ಬಳ್ಳಾರಿ ಬೆಂಗಳೂರಿನಿಂದ ಸುಮಾರು 310 ಕಿ.ಮೀ., ಹಂಪಿಯಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ. ಹುಬ್ಬಳ್ಳಿ–ಗುಂತಕಲ್ ರೈಲುಮಾರ್ಗದಲ್ಲಿ ನಿಲ್ದಾಣವಿದೆ. ಸಿರುಗುಪ್ಪ ಮತ್ತು ಕುರುಗೋಡಿಗೆ ಬಳ್ಳಾರಿಯಿಂದ ಬಸ್‌ಗಳಿವೆ. ಕೋಟೆಗೆ ಅರ್ಧ ದಿನ, ಉಳಿದ ಎರಡು ಊರುಗಳಿಗೆ ಇನ್ನೊಂದು ದಿನ ಸಾಕು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹಂಪಿ ಬಳ್ಳಾರಿಯಿಂದ ಬೇರೆಯಾಯಿತು. ಹಂಪಿಗೆ ಹೋಗುವ ದಾರಿಯಲ್ಲಿ ಊಟಕ್ಕೆ ನಿಲ್ಲುವ ಊರಾಗಿಯೇ ಬಳ್ಳಾರಿಯನ್ನು ಕಂಡವರು ಇನ್ನು ಕೋಟೆಗಾಗಿಯೇ ಬರುವಂತಾದರೆ, ಆ ಗೋಡೆಗೆ ಇನ್ನಷ್ಟು ವಾರಸುದಾರರು ದೊರೆತಂತೆ.